ಯಾರು ತೆಗೆದದ್ದು

ಆ ಊರಿನ ಹೆಬ್ಬಾಗಿಲಲ್ಲಿ ಒಂದು ಕಲ್ಲಿತ್ತು. ಕಲ್ಲಿನ ಮೇಲೆ ಒಂದೇ ಸಾಲು: ‘ಗೋಡೆಯ ಮೇಲೆ ತೆಗೆದದ್ದನ್ನು ತೆಗೆದ ಮೇಲೆ ತೆಗೆಯತಕ್ಕದ್ದು.’

ಹೊರಗಿನಿಂದ ಬಂದವರು ಓದಿ ತಲೆ ಕೆರೆದುಕೊಳ್ಳುತ್ತಿದ್ದರು. ಊರಿನವರಿಗೆ ಅದರಲ್ಲಿ ಕಷ್ಟವೇನೂ ಕಾಣುತ್ತಿರಲಿಲ್ಲ. ಮೊದಲನೆಯ ತೆಗೆಯುವುದು ಚಿತ್ರ ತೆಗೆಯುವುದು, ಇದ್ದಿಲಿನಿಂದಲೋ ಬಣ್ಣದಿಂದಲೋ. ಎರಡನೆಯದು ಪಟ ತೆಗೆಯುವುದು, ಕ್ಯಾಮೆರಾದ ಪೆಟ್ಟಿಗೆಯಿಂದ. ಮೂರನೆಯದು ಸುಣ್ಣ ಬಳಿದು ತೆಗೆದುಹಾಕುವುದು. ಕಲ್ಲು ಕೆತ್ತಿದ ಕಾಲದಲ್ಲಿ ಪಟದ ಪೆಟ್ಟಿಗೆ ಇತ್ತೇ ಎಂದು ಯಾರಾದರೂ ಕೇಳಿದರೆ, “ಯಾಕೆ, ನೀನಿದ್ದೆಯಾ?” ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹಿರಿಯರು ಕೊಡುತ್ತಿದ್ದ ಕಾರಣ ಇಷ್ಟೇ. ಒಂದು ಚಿತ್ರ ಎರಡು ಕಡೆ ಇರಬಾರದು. ಗೋಡೆಯಲ್ಲೂ ಇದ್ದು ಪಟದಲ್ಲೂ ಇದ್ದರೆ ಒಂದು ಜೀವಕ್ಕೆ ಎರಡು ಮೈ ಆಗುತ್ತದೆ, ಊರಿಗೆ ಒಳ್ಳೆಯದಲ್ಲ. ಹಾಗಾಗಿ ಪಟ ತೆಗೆಯುವ ತನಕ ಗೋಡೆಯ ಚಿತ್ರವನ್ನು ಯಾರೂ ಮುಟ್ಟುವಂತಿಲ್ಲ. ಪಟ ತೆಗೆದ ಮೇಲೆ ಅದು ಅಲ್ಲಿ ನಿಲ್ಲುವಂತಿಲ್ಲ.

ಊರಿನ ತುಂಬ ಗೋಡೆಗಳು. ನೀರಿನ ಟ್ಯಾಂಕಿನ ಗೋಡೆ, ಮುಚ್ಚಿದ ಟಾಕೀಸಿನ ಗೋಡೆ, ಗಿರಣಿಯ ಹಿಂದಿನ ಉದ್ದ ಗೋಡೆ, ಮೇಲುಸೇತುವೆಯ ಕಂಬಗಳು, ಗಂಡಸರು ತಿರುಗಿ ನಿಲ್ಲುವ ಮೂಲೆಗೋಡೆ. ಎಲ್ಲವೂ ಬೆಳ್ಳಗೆ. ಆ ಬಿಳುಪನ್ನು ನಂಬಿ ಮೂವರು ಬದುಕಿದ್ದರು. ಚಿತ್ರ ತೆಗೆಯುವವಳನ್ನು ಊರು ಗೆರೆಯವಳು ಎಂದು ಕರೆಯಿತು. ಪಟ ತೆಗೆಯುವವಳನ್ನು ಪಟದವಳು ಎಂದಿತು. ಬಕೆಟ್ಟು ಹಿಡಿದು ಹಿಂದೆ ಬರುವವನು ಸುಣ್ಣದವನು.

ಈ ಕತೆ ಪಟದವಳದು. ಅವಳನ್ನೇ ಕೇಳಿದರೆ, ಇದೂ ಗೆರೆಯವಳದೇ ಕತೆ ಎಂದು ಮೂತಿ ತಿರುವುತ್ತಾಳೆ.

*

ಹಾಲುಹಲ್ಲು ಬಿದ್ದ ಮಕ್ಕಳಿಗೆ ಆ ಊರಲ್ಲಿ ಗೋಡೆ ಮುಟ್ಟಿಸುವ ಶಾಸ್ತ್ರ ಮಾಡುತ್ತಿದ್ದರು. ಟ್ಯಾಂಕಿನ ಗೋಡೆಯ ಮುಂದೆ ನಿಲ್ಲಿಸಿ, ಬಲಗೈಗೆ ಒಂದು ತುಂಡು ಇದ್ದಿಲು ಕೊಡುವುದು. ಮಗು ಗೋಡೆಯ ಮೇಲೆ ಏನು ಮಾಡುತ್ತದೋ ಅದು ಅದರ ಬದುಕು. ಗೀಚಿದರೆ ಗೆರೆಯ ಬದುಕು, ಅಳಿಸಿದರೆ ಸುಣ್ಣದ ಬದುಕು, ಇದ್ದಿಲನ್ನು ಬಾಯಿಗೆ ಹಾಕಿಕೊಂಡರೆ ವ್ಯಾಪಾರ.

ಅವತ್ತು ಒಂದೇ ಬೀದಿಯ ಇಬ್ಬರು ಹುಡುಗಿಯರನ್ನು ಒಟ್ಟಿಗೆ ನಿಲ್ಲಿಸಿದರು. ಒಬ್ಬಳು ಗೋಡೆಗೆ ತುರಿಕೆ ಬಂದಿದೆಯೇನೋ ಎನ್ನುವ ಹಾಗೆ, ಯೋಚನೆಯಿಲ್ಲದೆ, ಇದ್ದಿಲು ಎಳೆದಳು. ಒಂದೇ ಗೆರೆ. ಗೆರೆ ನಿಂತಾಗ ಗೋಡೆಯ ಮೇಲೆ ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ನೆರೆದವರು “ಅಯ್ಯೋ” ಎಂದರು. ಆ ಊರಲ್ಲಿ ಮೆಚ್ಚುಗೆಗೆ ಬೇರೆ ಮಾತಿರಲಿಲ್ಲ. ಎದೆಯ ಅಡಿಯಿಂದ ಬರುವ ಅಯ್ಯೋ, ಅಷ್ಟೇ.

ಇನ್ನೊಬ್ಬಳು ಇದ್ದಿಲು ಹಿಡಿದು ಏನು ತೆಗೆಯಲಿ ಎಂದು ಯೋಚಿಸಿದಳು. ಯೋಚಿಸಿದ್ದೇ ತಪ್ಪಾಯಿತು. ಪಕ್ಕದಲ್ಲಿ ಕೊಕ್ಕರೆ ನಿಂತಿತ್ತು. ಅದನ್ನು ನೋಡುತ್ತ ನೋಡುತ್ತ ಮುಷ್ಟಿ ಬಿಗಿಯಾಯಿತು. “ತೆಗಿ ಮಗಾ, ತೆಗಿ” ಎಂದರು. ಮುಷ್ಟಿ ಇನ್ನೂ ಬಿಗಿಯಾಯಿತು. ಕೊನೆಗೆ ಅವಳ ತಾಯಿಯೇ ಬೆರಳು ಬಿಡಿಸಿ ನೋಡಿದರೆ ಇದ್ದಿಲು ಪುಡಿಪುಡಿ. ಗೋಡೆ ಬೆಳ್ಳಗೇ ಇತ್ತು. ಅಂಗೈ ಮಾತ್ರ ಕಪ್ಪು.

ಆಗ ಹೂವು ಮಾರುವವಳು, ಆಗಿನ್ನೂ ಅವಳು ಅಜ್ಜಿಯಾಗಿರಲಿಲ್ಲ, ಬುಟ್ಟಿಯ ಮೇಲಿಂದ ಹೇಳಿದಳು: “ಕೈಗೆ ಬರದಿದ್ರೆ ಹೋಗ್ಲಿ ಬಿಡ್ರಪ್ಪ. ಮಗೂನ ಕಣ್ಣು ನೋಡಿ. ಕೊಕ್ಕರೆ ಮೇಲಿಂದ ತೆಗೀತಾನೇ ಇಲ್ಲ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣು ತೆಗೆಯದವಳಿಗೆ ಪಟ ತೆಗೆಯುವ ಪೆಟ್ಟಿಗೆ ಕೊಟ್ಟರು. ಕಪ್ಪು ಅಂಗೈಯಿಂದಲೇ ಅವಳು ಅದನ್ನು ಹಿಡಿದು ಮೊದಲ ಪಟ ತೆಗೆದಳು. ಕೊಕ್ಕರೆಯ ಪಟ. ತೆಗೆದೊಡನೆ ಆಗಿನ ಮುದುಕ ಸುಣ್ಣದವನು ಬಂದು ಕೊಕ್ಕರೆಯ ಮೇಲೆ ಕುಂಚ ಆಡಿಸಿದ. ಕಾಲು ಹೋಯಿತು, ಕತ್ತು ಹೋಯಿತು, ಕೊಕ್ಕು ಹೋಯಿತು.

ಕೊಕ್ಕರೆ ತೆಗೆದ ಹುಡುಗಿ ಅಳುತ್ತಾಳೆ ಎಂದು ಪಟದವಳು ಕಾದಳು. ಅತ್ತಿದ್ದರೆ ಬಹುಶಃ ಎಲ್ಲ ಸರಿಹೋಗುತ್ತಿತ್ತು. ಅವಳು ಅಳಲಿಲ್ಲ. ಕೈ ಚಾಚಿದಳು. “ಗೋಡೆ ಮತ್ತೆ ಬೆಳ್ಳಗಾಯ್ತು. ಇನ್ನೊಂದು ಇದ್ದಿಲು ಕೊಡಿ.”

ಮುಷ್ಟಿಯಲ್ಲಿ ಪುಡಿಯಾದ ಇದ್ದಿಲು ಪಟದವಳ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಆಗಲೇ.

*

ಗೆರೆಯವಳು ತೆಗೆದಳು. ಪಟದವಳು ತೆಗೆದಳು. ಸುಣ್ಣದವನು ತೆಗೆದ. ಹೀಗೆ ದಿನಗಳು, ಹೀಗೆ ವರ್ಷಗಳು.

ಪಟದವಳ ಕೆಲಸಕ್ಕೂ ಒಂದು ಶಾಸ್ತ್ರವಿತ್ತು. ಬೆಳಕು ಗೋಡೆಯ ಮೇಲೆ ಓರೆಯಾಗಿ ಬೀಳುವ ತನಕ ಕಾಯುವುದು. ಉಸಿರು ಹಿಡಿಯುವುದು. ಟಪ್ ಎನ್ನಿಸುವುದು. ಆಮೇಲೆ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುವುದು, ಬಾಗಿಲು ತಟ್ಟಿದ ಹಾಗೆ. ಆ ಸದ್ದಿಗೆ ಎಲ್ಲಿದ್ದರೂ ಸುಣ್ಣದವನು ಬರುತ್ತಿದ್ದ. ಮುದುಕ ಸತ್ತ ಮೇಲೆ ಅವನ ಮಗ ಬಂದ. ಅವಳು ತಟ್ಟುತ್ತಲೇ ಇದ್ದಳು, ಇವನು ಬರುತ್ತಲೇ ಇದ್ದ. ಕೊನೆಗೊಮ್ಮೆ ತಟ್ಟದಿದ್ದರೂ ಬಂದ. ಊರವರು ಮದುವೆ ಮಾಡಿಸಿದರು. “ಅವಳು ತೆಗೀತಾಳೆ, ಇವನು ತೆಗೀತಾನೆ. ಮನೇಲಿ ಇಡೋಕೆ ಏನೂ ಉಳಿಯಲ್ಲ, ಜಗಳವೂ ಇರಲ್ಲ” ಎಂದು ನಕ್ಕರು.

ತೆಗೆದ ಪಟಗಳೆಲ್ಲ ಪಟದ ಮನೆಯಲ್ಲಿ ಇರುತ್ತಿದ್ದವು. ಅದೊಂದು ಉದ್ದನೆಯ ಮನೆ. ಒಳಗೆ ದಾರ ಕಟ್ಟಿ ಒಗೆದ ಬಟ್ಟೆಯ ಹಾಗೆ ಪಟ ತೂಗುಹಾಕಿದ್ದಳು. ಮೆಟ್ಟಿಲು ಹತ್ತುವ ಮೀನು. ಬಾಯಿಯ ಜಾಗದಲ್ಲಿ ಬೀಗವಿದ್ದ ಹೆಂಗಸು. ಪೊಲೀಸಿನವನ ಟೋಪಿ ಹಾಕಿಕೊಂಡು ಮೆಲುಕು ಹಾಕುವ ಎಮ್ಮೆ. ಕಂಬದಿಂದ ಕಂಬಕ್ಕೆ ಜೋಕಾಲಿ ಕಟ್ಟಿಕೊಂಡ ಮುದುಕಿಯರು. ಊರಿನ ನೆನಪು ಎನ್ನುವುದು ಏನಿದ್ದರೂ ಆ ದಾರಗಳ ಮೇಲೆಯೇ ಇತ್ತು. ಹಾಗೆಂದು ಊರು ಅವಳನ್ನು ಗೌರವಿಸುತ್ತಿತ್ತು, ಗೌರವಿಸುವುದಕ್ಕೆ ಖರ್ಚೇನೂ ಇರಲಿಲ್ಲವಲ್ಲ.

ಆದರೆ ಗೋಡೆಯ ಮುಂದೆ ನಿಂತವರು “ಅಯ್ಯೋ” ಎನ್ನುತ್ತಿದ್ದರು. ಅದೇ ಚಿತ್ರದ ಪಟದ ಮುಂದೆ ನಿಂತು “ಓ” ಎನ್ನುತ್ತಿದ್ದರು. ಅದೇ ಮೀನು, ಅದೇ ಮೆಟ್ಟಿಲು. ಗೋಡೆಗೆ ಅಯ್ಯೋ, ಪಟಕ್ಕೆ ಓ. ಪಟದವಳು ಈ ಎರಡು ಸದ್ದುಗಳ ನಡುವಿನ ಅಂತರದಲ್ಲಿ ಮುದುಕಿಯಾಗುತ್ತ ಬಂದಳು.

ಗೆರೆಯವಳ ಒಂದೊಂದು ಗೆರೆಯೂ ಅವಳಿಗೆ ಕಂಠಪಾಠ. ಎಲ್ಲಿ ಕೈ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಯಾವ ತಿರುವಿನಲ್ಲಿ ಅವಳು ನಕ್ಕಿರಬೇಕು ಎನ್ನುವುದೂ ಗೊತ್ತು. ಗಂಡನ ಮುಖವನ್ನು ಅಷ್ಟು ನೋಡಿರಲಿಲ್ಲ. ಸ್ನೇಹಿತೆಯರಿಗೂ ಇಷ್ಟು ಗೊತ್ತಿರುವುದಿಲ್ಲ, ಸವತಿಯರಿಗೆ ಮಾತ್ರ ಗೊತ್ತಿರುತ್ತದೆ. ಸವತಿಯೇ ಎಂಬ ಅನುಮಾನವೂ ಒಮ್ಮೆ ಬಂದಿತ್ತು. ಗಂಡ ಗೆರೆಯವಳ ಚಿತ್ರಕ್ಕೆ ಸುಣ್ಣ ಬಳಿಯುವಾಗ ಒರಟಾಗಿ ಅಡ್ಡಡ್ಡ ಬಳಿಯುತ್ತಿರಲಿಲ್ಲ. ಗೆರೆ ಹೋದ ದಾರಿಯಲ್ಲೇ ಕುಂಚವನ್ನು ನಿಧಾನವಾಗಿ ಒಯ್ಯುತ್ತಿದ್ದ.

“ಅವಳ ಚಿತ್ರಕ್ಕೆ ಮಾತ್ರ ಬಾಳ ನಾಜೂಕು” ಎಂದಳು ಒಂದು ದಿನ.

“ಬೇಗ ಬಳಿದ್ರೆ ಬೇಗ ಹೋಗಿಬಿಡುತ್ತಲ್ಲ” ಎಂದ ಅವನು.

“ಹೋಗ್ಲಿ ಅಂತ ತಾನೇ ಬಳಿಯೋದು?”

“ಹೌದು” ಎಂದು ಬಕೆಟ್ಟು ತೊಳೆಯುವುದಕ್ಕೆ ಹೋದ. ಅವನಿಗೆ ಮಾತು ಬೆಳೆಸಿ ಗೊತ್ತಿರಲಿಲ್ಲ. ಮಾತು ಬೆಳೆಸದ ಗಂಡಸರ ಜೊತೆ ಜಗಳ ಆಡುವುದು ಗೋಡೆಗೆ ಚೆಂಡು ಹೊಡೆದ ಹಾಗೆ, ಎಲ್ಲವೂ ನಮಗೇ ವಾಪಸು.

*

ಒಂದು ಬೆಳಗಿನ ಜಾವ ಪಟದವಳು ಒಂದು ವಿಷಯ ಕಂಡುಕೊಂಡಳು. ಅಷ್ಟು ವರ್ಷ ಅದು ಕಣ್ಣೆದುರಿಗೇ ಇತ್ತು, ಸುಣ್ಣದ ಹಾಗೆ.

ಗಿರಣಿಯ ಗೋಡೆಯ ಮೇಲೆ ಹೊಸ ಚಿತ್ರವಿತ್ತು. ಒಬ್ಬ ತಾಯಿ ಮಗುವಿನ ತಲೆ ಬಾಚುತ್ತಿದ್ದಳು. ಬಾಚಿದ ಕೂದಲು ಹೊಳೆಯಾಗಿ ಗೋಡೆಯುದ್ದಕ್ಕೂ ಹರಿದುಹೋಗಿತ್ತು, ಅದರಲ್ಲಿ ಊರಿನ ಮನೆಗಳೆಲ್ಲ ತೇಲುತ್ತಿದ್ದವು. ಪಟದವಳ ಬಾಯಿಂದ ಅಯ್ಯೋ ಹೊರಡುವುದರಲ್ಲಿತ್ತು. ತುಟಿ ಕಚ್ಚಿ ತಡೆದಳು. ಬೀದಿಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಇವತ್ತು ಇಡೀ ಊರು ಬಂದು ಇದರ ಮುಂದೆ ಅಯ್ಯೋ ಎನ್ನುತ್ತದೆ. ನಾಳೆಯೂ ಎನ್ನುತ್ತದೆ, ತಾನು ಪಟ ತೆಗೆಯುವ ತನಕವೂ ಎನ್ನುತ್ತಲೇ ಇರುತ್ತದೆ.

ತಾನು ಪಟ ತೆಗೆಯುವ ತನಕ.

ಟಪ್. ಗೋಡೆ ತಟ್ಟಿದಳು. ಊರು ಹಲ್ಲುಜ್ಜುವ ಹೊತ್ತಿಗೆ ಗಿರಣಿಯ ಗೋಡೆ ಬೆಳ್ಳಗಿತ್ತು.

ಅಂದಿನಿಂದ ಅವಳ ದಾರಿ ಬದಲಾಯಿತು. ಒಳ್ಳೆಯ ಚಿತ್ರವನ್ನು ಎಲ್ಲರಿಗಿಂತ ಮೊದಲು ತೆಗೆಯುವುದು. ಸಾಧಾರಣವಾದುದನ್ನು ಗೋಡೆಯ ಮೇಲೆಯೇ ಬಿಡುವುದು, ಬಿಸಿಲಿಗೆ ಸಿಪ್ಪೆಯೇಳಲಿ ಎಂದು. ಚಿತ್ರ ಎಷ್ಟು ಚೆನ್ನಾಗಿದ್ದರೆ ಅಷ್ಟು ಬೇಗ ಟಪ್. ಬಣ್ಣ ಆರುವ ಮೊದಲೇ ಟಪ್. ಊರಿನ ಗೋಡೆಗಳ ಮೇಲೆ ಬರೀ ಸೊಟ್ಟ ಮೂಗುಗಳು, ಪಡ್ಡೆ ಹುಡುಗರ ಬಾಣ ಚುಚ್ಚಿದ ಹೃದಯಗಳು, ಗೆರೆಯವಳು ಬೇಸರದಲ್ಲಿ ಗೀಚಿದ ಒಂದೆರಡು ನಾಯಿಗಳು ಉಳಿದವು. “ಪಾಪ, ಗೆರೆಯವಳ ಕೈ ಬಿದ್ದುಹೋಯ್ತು” ಎಂದು ಊರು ಮರುಗಿತು. ಪಟದವಳೂ ಮರುಗಿದಳು, ಎಲ್ಲರಿಗಿಂತ ಸ್ವಲ್ಪ ಜೋರಾಗಿ.

ಸುಣ್ಣದವನು ಮಾತ್ರ ಗೊಣಗಿದ. “ಹಸಿ ಬಣ್ಣದ ಮೇಲೆ ಸುಣ್ಣ ನಿಲ್ಲಲ್ಲ ಕಣೇ. ನೋಡು ಬಕೆಟ್ಟು, ನೀಲಿ ಆಗೋಗಿದೆ.”

“ಇನ್ನೊಂದು ಕೋಟು ಬಳೀರಿ.”

“ಬಳಿದೆ. ಒಳಗಿಂದ ಬರುತ್ತೆ. ಆರಿದ ಬಣ್ಣ ಸುಣ್ಣದ ಕೆಳಗೆ ಸುಮ್ನೆ ಮಲಗುತ್ತೆ. ಹಸಿ ಬಣ್ಣ ಸುಣ್ಣದ ಜೊತೆ ಬೆರೆತುಕೊಳ್ಳುತ್ತೆ.”

“ನಿಮ್ಮ ಸುಣ್ಣ ನೀರಾಗಿರಬೇಕು.”

ಗಿರಣಿಯ ಗೋಡೆಯಲ್ಲಿ ಮಳೆ ಬಂದ ದಿನ ಒಂದು ತೆಳು ಹೊಳೆ ಕಾಣುತ್ತಿತ್ತು. ಟಾಕೀಸಿನ ಗೋಡೆ ಸಂಜೆಹೊತ್ತು ಯಾಕೋ ಕೆಂಪಗೆ ಅನ್ನಿಸುತ್ತಿತ್ತು. ಜನ ಅದನ್ನು ಪಾಚಿ ಎಂದರು, ಹೊತ್ತು ಮುಳುಗುವ ಬಣ್ಣ ಎಂದರು. ಪಟದವಳು ಆ ಗೋಡೆಗಳ ಕಡೆ ನೋಡದೆ ನಡೆಯುವುದನ್ನು ರೂಢಿ ಮಾಡಿಕೊಂಡಳು.

ಇಷ್ಟರಲ್ಲಿ ಪಟದ ಮನೆಗೆ ಜನ ಬರುವುದು ಹೆಚ್ಚಾಯಿತು. ನೋಡುವಂಥದ್ದು ಏನಿದ್ದರೂ ಈಗ ಅಲ್ಲೇ ತಾನೇ ಇದ್ದದ್ದು. ಹೊಸದಾಗಿ ಊರಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಕೂದಲಹೊಳೆಯ ಪಟದ ಮುಂದೆ ನಿಂತಳು. ನಿಂತೇ ಇದ್ದಳು. ಅವಳ ಬಾಯಿಂದ ಅದು ಬಂತು.

“ಅಯ್ಯೋ.”

ಪಟದ ಮನೆಯೊಳಗೆ ಬಿದ್ದ ಮೊದಲ ಅಯ್ಯೋ ಅದು. ದಾರಗಳೆಲ್ಲ ಒಮ್ಮೆ ಅಲ್ಲಾಡಿದಂತಾಯಿತು.

“ಯಾರು ತೆಗೆದದ್ದು, ಅಮ್ಮ?”

ಪಟದವಳು ಅಲ್ಲಾಡುವ ದಾರವನ್ನು ಹಿಡಿದು ನಿಲ್ಲಿಸಿದಳು. “ನಾನೇ” ಎಂದಳು.

ಸುಳ್ಳೇನಲ್ಲ. ತೆಗೆದದ್ದು ಅವಳೇ. ಕಿವಿ ತಪ್ಪಾಗಿ ಕೇಳಿಸಿಕೊಂಡರೆ ನಾಲಿಗೆಯನ್ನು ಯಾಕೆ ದೂರಬೇಕು. ಹುಡುಗಿ ಬಗ್ಗಿ ಅವಳ ಕಾಲು ಮುಟ್ಟಿದಳು. ಹೊಟ್ಟೆಯೊಳಗಿನ ಇದ್ದಿಲು ಆ ಗಳಿಗೆಗೆ ತಣ್ಣಗಾಯಿತು. ಸಂಜೆಯ ಹೊತ್ತಿಗೆ ಮತ್ತೆ ಹೊತ್ತಿಕೊಂಡಿತು, ಇನ್ನೊಂದು ಅಯ್ಯೋ ಬೇಕು ಎಂದು.

ಯಾರು ತೆಗೆದದ್ದು? ನಾನೇ. ಇದನ್ನು ತೆಗೆದದ್ದು? ಅದೂ ನಾನೇ. ಕೇಳುವವರು ಬದಲಾದರು, ಉತ್ತರ ಬದಲಾಗಲಿಲ್ಲ. ಕೊಕ್ಕರೆಯ ದಿನವನ್ನು ನೋಡಿದ್ದ ಹಿರಿಯರು ಒಬ್ಬೊಬ್ಬರಾಗಿ ಹೋದರು. ಉಳಿದ ಹೂವಿನಜ್ಜಿಗೆ ಕಣ್ಣು ಮಂಜಾಗಿತ್ತು. ಊರಿನ ಹೊಸ ನಾಲಿಗೆಗಳ ಮೇಲೆ ಒಂದೇ ಮಾತು ನಿಂತಿತು: ಇವನ್ನೆಲ್ಲ ತೆಗೆದವಳು ಪಟದವಳು.

*

ಒಂದು ದಿನ ಊರಿನ ಯಜಮಾನ ನಾಲ್ಕು ಜನರನ್ನು ಕಟ್ಟಿಕೊಂಡು ಪಟದ ಮನೆಗೆ ಬಂದ. ಕೈಯಲ್ಲಿ ಹಾರವಿತ್ತು, ಆದರೆ ಹಾಕಲಿಲ್ಲ. ಅದನ್ನು ಆಮೇಲೆ ಹಾಕುವುದೆಂದು ತೋರಿಸಿದ.

“ತಾಯಿ, ಇಷ್ಟು ವರ್ಷ ನಾವು ಮಲಗಿರೋವಾಗ ತೆಗೆದ್ರಿ. ನಮ್ಮ ಕಣ್ಣೆದುರಿಗೆ ಒಂದು ತೆಗೆದುಕೊಡಿ. ನಿಮ್ಮ ಮನೆ ಮುಂದಿನ ಗೋಡೇನೇ ಇದೆಯಲ್ಲ, ಯಾರೂ ಮುಟ್ಟದ ಗೋಡೆ. ನಾಳೆ ಬೆಳಿಗ್ಗೆ ಇಡೀ ಊರು ಬರುತ್ತೆ.”

“ತೆಗೆದುಕೊಡ್ತೀನಿ” ಎಂದಿತು ನಾಲಿಗೆ. ನಾಲಿಗೆಗೆ ಆ ಮಾತು ಅಷ್ಟು ಅಭ್ಯಾಸವಾಗಿತ್ತು.

ಅವರು ಹೋದ ಮೇಲೆ ಸುಣ್ಣದವನು ಹೆಂಡತಿಯನ್ನು ನೋಡಿದ. “ಏನು ತೆಗೀತೀಯ ನಾಳೆ?”

“ನಿಮ್ಮ ಪ್ರಾಣ” ಎಂದಳು.

ಆಮೇಲೆ ಗೋಡೆಯ ಮುಂದೆ ಹೋಗಿ ನಿಂತಳು. ಒಲೆಯಿಂದ ಒಂದು ತುಂಡು ಇದ್ದಿಲು ತಂದಿದ್ದಳು. ಗೋಡೆ ಬೆಳ್ಳಗಿತ್ತು, ಟ್ಯಾಂಕಿನ ಗೋಡೆ ಅವತ್ತು ಇದ್ದ ಹಾಗೆಯೇ. ಜಗತ್ತಿನ ಒಳ್ಳೆಯ ಗೆರೆಗಳೆಲ್ಲ ಅವಳಿಗೆ ಕಂಠಪಾಠವಿದ್ದವು. ಮೀನಿನ ಬೆನ್ನು ಹೇಗೆ ಬಾಗುತ್ತದೆ ಎಂದು ಗೊತ್ತಿತ್ತು, ಹೊಳೆ ಎಲ್ಲಿ ತಿರುಗುತ್ತದೆ ಎಂದು ಗೊತ್ತಿತ್ತು. ಮುಷ್ಟಿ ಬಿಗಿಯಾಯಿತು. ಬಿಡಿಸಿ ನೋಡಿದಳು. ಪುಡಿ.

ನಾಳೆ ಊರೆಲ್ಲ ನೋಡುವುದು ಇದನ್ನೇ. ಚಿತ್ರ ತೆಗೆಯಲಾರದೆ ತನ್ನ ಮಾನವನ್ನು ತಾನೇ ತೆಗೆದುಕೊಂಡವಳನ್ನು.

ದೀಪ ಹಚ್ಚುವ ಹೊತ್ತಿಗೆ ಗೆರೆಯವಳು ಬಂದಳು. ಶಾಸ್ತ್ರದ ದಿನದಿಂದ ಇಬ್ಬರೂ ಎದುರುಬದುರು ನಿಂತಿರಲಿಲ್ಲ. ಗೆರೆಯವಳಿಗೂ ವಯಸ್ಸಾಗಿತ್ತು. ಉಗುರಿನ ಸಂದಿಯಲ್ಲಿ ಬಣ್ಣ, ಸೆರಗಿನ ತುಂಬ ಬಣ್ಣ, ಹುಬ್ಬಿನ ಮೇಲೂ ಒಂದು ಹನಿ. ಅದೂ ಅವಳಿಗೆ ಒಪ್ಪುತ್ತಿತ್ತು ಎನ್ನುವುದನ್ನು ಪಟದವಳು ಗಮನಿಸದಿರಲಿಲ್ಲ.

“ಒಳಗೆ ಬರಲಾ?”

“ಬಂದಾಗಿದೆಯಲ್ಲ.”

ಗೆರೆಯವಳು ದಾರಗಳ ನಡುವೆ ನಡೆದಳು. ಮೀನಿನ ಮುಂದೆ ನಿಂತಳು, ಎಮ್ಮೆಯ ಮುಂದೆ ನಿಂತು ಕಿಸಕ್ಕೆಂದು ನಕ್ಕಳು, ಕೂದಲಹೊಳೆಯ ಮುಂದೆ ತುಂಬ ಹೊತ್ತು ನಿಂತಳು.

“ಇದು ಇಷ್ಟು ಉದ್ದ ಇತ್ತಾ?”

“ನೀನೇ ತಾನೇ ತೆಗೆದದ್ದು” ಎಂದುಬಿಟ್ಟಳು ಪಟದವಳು. ತನ್ನದೇ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದಳು.

“ನಾನು ತೆಗೆದೆ, ನೋಡಿದ್ದೆಲ್ಲಿ? ಗೋಡೆಗೆ ಮೂಗು ತಾಗಿಸಿಕೊಂಡು ತೆಗೀತೀನಿ. ಹಿಂದೆ ಸರಿದು ನೋಡೋಣ ಅಂದ್ರೆ ಅಲ್ಲಿ ಚರಂಡಿ. ಕೈ ತೊಳಕೊಂಡು ಬಂದು ನೋಡೋಣ ಅಂದ್ರೆ ಅಷ್ಟೊತ್ತಿಗೆ ಸುಣ್ಣ.” ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. “ನನ್ನ ಚಿತ್ರ ನಾನೇ ಪೂರ್ತಿ ನೋಡಿಲ್ಲ ಕಣೇ. ಚೆನ್ನಾಗೇ ಇದಾವೆ.”

ಪಟದವಳು ಅವಳ ಮುಖ ಹುಡುಕಿದಳು. ಎಲ್ಲಾದರೂ ಒಂದು ಕಿಡಿ, ಒಂದು ಚೂರು ಹೊಟ್ಟೆಯುರಿ, ನಿನ್ನ ಹತ್ತಿರ ಇದೆ ನನ್ನ ಹತ್ತಿರ ಇಲ್ಲ ಎನ್ನುವ ಒಂದು ಸಣ್ಣ ಸುಕ್ಕು. ಇರಲಿಲ್ಲ. ಅಷ್ಟು ವರ್ಷಗಳ ಹೊಟ್ಟೆಕಿಚ್ಚನ್ನೂ ತಾನೊಬ್ಬಳೇ ಪಡಬೇಕಾಯಿತಲ್ಲ, ಇವಳು ಅದಕ್ಕೂ ಕೈಜೋಡಿಸಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

ಹೊರಡುವಾಗ ಗೆರೆಯವಳು ಪಟದವಳ ಕೈ ಹಿಡಿದು ತಿರುಗಿಸಿ ನೋಡಿದಳು. ಅಂಗೈ ಕಪ್ಪಗಿತ್ತು. “ಇನ್ನೂ ಹಂಗೇ ಇದೆ” ಎಂದಳು.

*

ಬೆಳಗಾಯಿತು. ಊರೆಲ್ಲ ಬಂದಿತ್ತು. ಪಟದವಳು ಕುತ್ತಿಗೆಗೆ ಪೆಟ್ಟಿಗೆ ನೇತುಹಾಕಿಕೊಂಡು, ಗಲ್ಲಿಗೆ ಹೋಗುವವಳ ಹಾಗೆ ಹೊರಗೆ ಬಂದಳು.

“ಆಗಲೇ ತೆಗೆದುಬಿಟ್ಟಿದ್ದೀರಲ್ಲ, ತಾಯಿ” ಎಂದ ಯಜಮಾನ. “ನಮಗೋಸ್ಕರ ಕಾಯಬಾರದಿತ್ತೇ?”

ಗೋಡೆಯ ಮೇಲೆ ಒಂದು ಬಾಗಿಲಿತ್ತು. ನೀಲಿ ಬಾಗಿಲು, ಗೋಡೆಯಷ್ಟೇ ಎತ್ತರ. ಚೌಕಟ್ಟು, ಹಿತ್ತಾಳೆಯ ಬಳೆ, ಹೊಸ್ತಿಲಲ್ಲಿ ಯಾರೋ ಈಗಷ್ಟೇ ಒಳಗೆ ಹೋದ ಹಾಗೆ ಬಿಟ್ಟ ಚಪ್ಪಲಿ. ಬಾಗಿಲ ಸಂದಿಯಿಂದ ಹಳದಿ ಬೆಳಕಿನ ಒಂದು ಗೆರೆ. ಬಣ್ಣ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಬಾಗಿಲ ನಡುವೆ ದೊಡ್ಡದಾಗಿ ಒಂದೇ ಮಾತು ಬರೆದಿತ್ತು: ತೆಗೆ.

“ಅಯ್ಯೋ” ಎಂದಿತು ಊರು.

ಆ ಗೆರೆ ಯಾರದೆಂದು ಪಟದವಳಿಗೆ ಹೇಳಬೇಕಾಗಿರಲಿಲ್ಲ. ಹಿತ್ತಾಳೆ ಬಳೆಯ ತಿರುವಿನಲ್ಲಿ ಕೈ ಜಾರಿದೆ, ಅಲ್ಲಿ ಅವಳು ನಕ್ಕಿದ್ದಾಳೆ. ಉಳಿಸಿದಳು. ಕೇಳದೆ ಬಂದು ಮಾನ ಉಳಿಸಿಹೋದಳು. ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ತಣ್ಣಗಿರುತ್ತಿತ್ತು. ಇನ್ನು ಇದನ್ನು ಟಪ್ ಎನ್ನಿಸಿ, ಗೋಡೆ ತಟ್ಟಿ, ಹಾರ ಹಾಕಿಸಿಕೊಂಡರೆ ಮುಗಿಯಿತು. ಒಂದೇ ಒಂದು ‘ನಾನೇ’ ಸಾಕು.

“ಇದೇನು ತೆಗೆ ಅಂತ ಬರೆದಿರೋದು?” ಎಂದು ಒಬ್ಬ ಕೇಳಿದ.

“ಪಟ ತೆಗೆ ಅಂತ. ಪಟದಮ್ಮ ತಮಗೆ ತಾವೇ ಬರಕೊಂಡಿದಾರೆ.”

“ನನಗೆ ಬರೆದದ್ದು” ಎಂದ ಸುಣ್ಣದವನು, ಬಕೆಟ್ಟು ಕೆಳಗಿಟ್ಟು. “ತೆಗೆ ಅಂದ್ರೆ ಬಳಿ ಅಂತ.”

“ನೀನು ಬಳಿಯೋದು ಪಟ ಆದಮೇಲೆ ತಾನೇ? ಕಲ್ಲು ಓದಿಲ್ವಾ?”

“ಓದಿದೀನಿ. ನಿಂಗಿಂತ ಮುಂಚೆ ಓದಿದೀನಿ.”

ಒಂದು ಮಾತಿಗೆ ನಾಲ್ಕು ಜನ ಜಗಳಕ್ಕೆ ನಿಂತರು. ಹೂವಿನಜ್ಜಿ ಬುಟ್ಟಿ ಇಳಿಸಿ, ಮಂಜುಗಣ್ಣನ್ನು ಬಾಗಿಲಿಗೆ ಹತ್ತಿರ ತಂದಳು. “ಅಲ್ಲ ಕಣ್ರೋ, ನಿಮಗೆ ಕಣ್ಣಿದ್ದು ಏನು ಬಂತು? ಬಾಗಿಲ ಮೇಲೆ ತೆಗೆ ಅಂತ ಬರೆದ್ರೆ ಬಾಗಿಲು ತೆಗೆ ಅಂತ ಅಲ್ವೇನ್ರೋ?”

ಅಷ್ಟು ವರ್ಷ ತೆಗೆಯುವುದರಲ್ಲೇ ಬದುಕಿದ ಊರಿಗೆ ಈ ಅರ್ಥ ಹೊಳೆದಿರಲಿಲ್ಲ. ಎಲ್ಲರೂ ಪಟದವಳ ಕಡೆ ತಿರುಗಿದರು.

“ತೆಗೀರಿ ತಾಯಿ. ನಿಮ್ಮದೇ ಬಾಗಿಲಲ್ವೇ.”

ಅವಳು ಹೋಗಿ ಬಾಗಿಲ ಮುಂದೆ ನಿಂತಳು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ, ಗೆರೆಯವಳು ನಿಲ್ಲುತ್ತಿದ್ದ ಜಾಗದಲ್ಲಿ. ಅಷ್ಟು ಹತ್ತಿರದಿಂದ ಬಾಗಿಲು ಕಾಣಿಸಲೇ ಇಲ್ಲ. ಬರೀ ನೀಲಿ ಕಂಡಿತು. ಬಲಗೈ ಎತ್ತಿದಳು. ಯೋಚಿಸಲಿಲ್ಲ. ಬಾಗಿಲು ತಳ್ಳುವವರು ಯಾರು ಯೋಚಿಸುತ್ತಾರೆ? ತಳ್ಳಿದಳು.

ಬಾಗಿಲು ತೆರೆಯಲಿಲ್ಲ. ಗೋಡೆ ಗೋಡೆಯಾಗಿಯೇ ಇತ್ತು. ಕೈ ಹಿಂದೆ ತೆಗೆದಾಗ ತೆಗೆ ಎಂಬ ಮಾತಿನ ಕೆಳಗೆ ಒಂದು ಅಂಗೈ ಮೂಡಿತ್ತು. ಐದು ಬೆರಳು, ನಡುವೆ ಹಸ್ತರೇಖೆ, ತೊಳೆದರೂ ಹೋಗದ ಇದ್ದಿಲಿನ ಕಪ್ಪು ನೀಲಿಯಲ್ಲಿ ಬೆರೆತು.

ಪಟದವಳು ಅದನ್ನೇ ನೋಡಿದಳು. ಕಣ್ಣು ತೆಗೆಯಲಿಲ್ಲ. ಗೋಡೆಯ ಮೇಲೆ ತನ್ನದು ಒಂದು. ಅದು ಚೆನ್ನಾಗಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಬೇರೆಯವರ ಎಲ್ಲದರ ಬಗ್ಗೆಯೂ ತಿಳಿಯುತ್ತಿತ್ತು, ಇದರ ಬಗ್ಗೆ ತಿಳಿಯಲಿಲ್ಲ. ಇದನ್ನು ಯಾರೂ ತೆಗೆಯಬಾರದು ಎನ್ನುವುದು ಮಾತ್ರ ತಿಳಿಯಿತು.

“ಪಟ ತೆಗೆದುಬಿಡಿ, ತಾಯಿ. ಹಾರ ಬಾಡುತ್ತೆ” ಎಂದ ಯಜಮಾನ.

“ಈ ಬಾಗಿಲು ನನ್ನದಲ್ಲ” ಎಂದಳು ಪಟದವಳು. ದನಿ ಸಣ್ಣದಾಗಿತ್ತು, ಆದರೆ ಊರು ಕೇಳಿಸಿಕೊಂಡಿತು. “ಪಟದ ಮನೆ ಒಳಗಿರೋದು ಯಾವುದೂ ನಾನು ಬರೆದದ್ದಲ್ಲ. ಎಲ್ಲ ಅವಳದು, ಗೆರೆಯವಳದು. ನಾನು ಬರೀ ಪಟ ತೆಗೆದೆ. ನೀವು ನೋಡೋ ಮೊದಲೇ ತೆಗೆದೆ.” ಕೈ ತೋರಿಸಿದಳು. “ಈ ಕೈ ಮಾತ್ರ ನನ್ನದು. ಇದನ್ನ ನಾನು ಪಟ ತೆಗೆಯಲ್ಲ.”

ಪಟ ತೆಗೆಯದಿದ್ದರೆ ಸುಣ್ಣವಿಲ್ಲ. ಕಲ್ಲಿನ ಮಾತು ಹಾಗಿತ್ತು. ಯಜಮಾನ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಬಗಲಿಗೆ ಸಿಕ್ಕಿಸಿಕೊಂಡ.

ಗುಂಪಿನ ಹಿಂದಿನಿಂದ ಬಣ್ಣದ ಸೆರಗೊಂದು ದಾರಿ ಬಿಡಿಸಿಕೊಂಡು ಮುಂದೆ ಬಂತು. ಗೆರೆಯವಳು ಬಂದು ಪಟದವಳ ಕುತ್ತಿಗೆಯಿಂದ ಪೆಟ್ಟಿಗೆಯನ್ನು ಬಿಡಿಸಿದಳು, ಮಗುವಿನ ಕೈಯಿಂದ ಇದ್ದಿಲು ಬಿಡಿಸುವ ಹಾಗೆ.

“ಕೊಡು ಇಲ್ಲಿ. ನಾನೂ ಒಂದು ತೆಗೀತೀನಿ.”

“ಬೇಡ ಕಣೇ” ಎಂದಳು ಪಟದವಳು. “ಈಗಷ್ಟೇ ಮೂಡಿದೆ. ಯಾರೂ ಸರಿಯಾಗಿ ನೋಡಿಲ್ಲ.”

ಗೆರೆಯವಳು ಒಂದು ಕಣ್ಣು ಮುಚ್ಚಿದಳು. “ಹಸಿ ಇರುವಾಗಲೇ ತೆಗೀಬೇಕು ಅಂತ ನೀನೇ ಅಲ್ವಾ ಕಲಿಸಿದ್ದು?”

ಟಪ್.

ಗೆರೆಯವಳಿಗೆ ಗೊತ್ತಿತ್ತು. ಅಷ್ಟೂ ವರ್ಷ, ಪ್ರತಿ ಬೆಳಗಿನ ಜಾವ, ಗೊತ್ತಿತ್ತು. ಪಟದವಳು ಅವಳ ಮುಖ ನೋಡಿದಳು. ತುಟಿಯ ಕೊನೆಯಲ್ಲಿ, ನಿನ್ನೆ ಎಷ್ಟು ಹುಡುಕಿದರೂ ಸಿಗದ ಆ ಸಣ್ಣ ಸುಕ್ಕು ಈಗ ಇತ್ತು. ಒಂದು ಕ್ಷಣ ಇದ್ದು ಹೋಯಿತು. ಆ ಒಂದು ಕ್ಷಣಕ್ಕೆ ಪಟದವಳಿಗೆ ಎಂದೂ ಆಗದಷ್ಟು ಸಮಾಧಾನವಾಯಿತು.

ಗೆರೆಯವಳು ಗೆಣ್ಣಿನಿಂದ ಗೋಡೆ ತಟ್ಟಿದಳು. ಸುಣ್ಣದವನು ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವನು ಬಾಗಿಲ ಮೇಲೆ ಬಳಿದ, ಚಪ್ಪಲಿಯ ಮೇಲೆ ಬಳಿದ. ಕೈಯ ಹತ್ತಿರ ಬಂದಾಗ ಕುಂಚ ನಿಧಾನವಾಯಿತು. ಒಂದೊಂದು ಬೆರಳಿನ ದಾರಿಯಲ್ಲೇ ಅದನ್ನು ಒಯ್ದ, ಬೇಗ ಹೋಗದಿರಲಿ ಎಂದು. ಆ ನಾಜೂಕು ತನ್ನ ಪಾಲಿಗೂ ಇತ್ತು ಎಂದು ಪಟದವಳಿಗೆ ಆಗ ಗೊತ್ತಾಯಿತು.

ಆದರೆ ಹಸಿ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಆರಿದ ಮೇಲೆ ಬಾಗಿಲು ತೆಳ್ಳಗೆ ಎದ್ದಿತು, ಅದರ ನಡುವೆ ಕೈ ಎದ್ದಿತು. ಮತ್ತೊಂದು ಕೋಟು ಬಳಿದ. ಮತ್ತೆ ಎದ್ದಿತು. ಜನ ಆಗ ತಿರುಗಿ ಉಳಿದ ಗೋಡೆಗಳನ್ನೂ ನೋಡಿದರು. ಗಿರಣಿಯ ಗೋಡೆಯಲ್ಲಿ ಹೊಳೆ, ಟಾಕೀಸಿನ ಗೋಡೆಯಲ್ಲಿ ಕೆಂಪು, ಕಂಬಗಳಲ್ಲಿ ತೂಗುವ ಮುದುಕಿಯರ ನೆರಳು. ಪಾಚಿ ಎಂದುಕೊಂಡದ್ದೆಲ್ಲ ಪಾಚಿಯಾಗಿರಲಿಲ್ಲ. ಹಸಿಯಾಗಿರುವಾಗಲೇ ತೆಗೆದದ್ದೆಲ್ಲ ಅಲ್ಲೇ ಇತ್ತು. ಒಂದು ಜೀವಕ್ಕೆ ಎರಡು ಮೈ ಆಗಿ ಎಷ್ಟೋ ವರ್ಷವಾಗಿತ್ತು, ಊರಿಗೆ ಏನೂ ಆಗಿರಲಿಲ್ಲ.

*

ಕೈಯ ಪಟ ಈಗ ಪಟದ ಮನೆಯಲ್ಲಿ, ಬಾಗಿಲು ತೆಗೆದೊಡನೆ ಕಾಣುವ ದಾರದ ಮೇಲೆ ತೂಗುತ್ತದೆ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಅಯ್ಯೋ ಎನ್ನುತ್ತಾರೆ. ಆಮೇಲೆ ಕೇಳುತ್ತಾರೆ, “ಯಾರು ತೆಗೆದದ್ದು?”

“ಅವಳು” ಎನ್ನುತ್ತಾಳೆ ಪಟದವಳು.

ಗೆರೆಯವಳು ಆಗಾಗ ಅಲ್ಲೇ ಮೂಲೆಯಲ್ಲಿ ಕೂತು ಕಾಫಿ ಕುಡಿಯುತ್ತಿರುತ್ತಾಳೆ. “ನಾನಲ್ಲಪ್ಪ, ಅವಳು” ಎನ್ನುತ್ತಾಳೆ. ಕೇಳಿದವರು ಇಬ್ಬರನ್ನೂ ನೋಡಿ, ಹೆಬ್ಬಾಗಿಲಿನ ಕಲ್ಲು ಓದಿದವರ ಹಾಗೆ ತಲೆ ಕೆರೆದುಕೊಂಡು ಹೋಗುತ್ತಾರೆ.

ಎಲ್ಲರೂ ಹೋದ ಮೇಲೆ ಪಟದವಳು ಒಮ್ಮೆ ಆ ಪಟದ ಮುಂದೆ ನಿಲ್ಲುತ್ತಾಳೆ. ಬೆಳಕು ಓರೆಯಾಗಿ ಬೆರಳುಗಳ ಮೇಲೆ ಬಿದ್ದಿದೆ. ಕೈಯನ್ನು ನಡುವೆ ಇಟ್ಟಿಲ್ಲ, ಸ್ವಲ್ಪ ಎಡಕ್ಕೆ ಬಿಟ್ಟಿದೆ, ಬಾಗಿಲ ಹಳದಿ ಗೆರೆಗೆ ಜಾಗ ಕೊಟ್ಟು. ತಾನಾಗಿದ್ದರೆ ನಡುವೆ ಇಡುತ್ತಿದ್ದಳು. ಇಟ್ಟು ಕೆಡಿಸುತ್ತಿದ್ದಳು. ಗೆರೆಯವಳು ಹುಟ್ಟಿದಾಗಿನಿಂದ ಒಮ್ಮೆ ಮಾತ್ರ ಪೆಟ್ಟಿಗೆ ಮುಟ್ಟಿದವಳು, ಬೆಳಕು ನೋಡಲಿಲ್ಲ, ಉಸಿರು ಹಿಡಿಯಲಿಲ್ಲ. ಆ ಮನೆಯ ಎಲ್ಲ ಪಟಗಳಿಗಿಂತ ಇದೇ ಚೆನ್ನಾಗಿದೆ.

“ಹಾಳಾದವಳಿಗೆ ಇದೂ ಬಂತಲ್ಲ” ಎಂದುಕೊಂಡು ಪಟದವಳು ದೀಪ ಆರಿಸುತ್ತಾಳೆ.